ಸಾಹಿತ್ಯದಲ್ಲಿ ಲೈಂಗಿಕ ಅಸ್ಮಿತೆ ಮತ್ತು ‘ನಾನು’: ಪದೇ ಪದೇ ಕೇಳುವ ಪ್ರಶ್ನೆಗಳು

ಕತೆ, ಕವಿತೆ ಓದುವವರು ನಾಲ್ಕು ಜನ ಸೇರಿದ ಕಡೆ ಈ ವಿಷಯ ಬಂದರೆ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಒಂದಷ್ಟು ಜನ ಎಲ್ಲರ ಮುಂದೆ ಜೋರಾಗಿ ಕೇಳುತ್ತಾರೆ. ಇನ್ನೊಂದಷ್ಟು ಜನ ಎಲ್ಲರೂ ಎದ್ದು ಹೋಗುವ ತನಕ ಕಾದು, ಮೆಲ್ಲಗೆ ಪಕ್ಕಕ್ಕೆ ಬಂದು ಕೇಳುತ್ತಾರೆ. ಎರಡೂ ಬಗೆಯ ಪ್ರಶ್ನೆಗಳು ಇಲ್ಲಿವೆ. ಉತ್ತರಗಳು ನನ್ನವು. ಒಪ್ಪಲೇಬೇಕು ಅಂತೇನಿಲ್ಲ.

ಲೈಂಗಿಕ ಅಸ್ಮಿತೆ ಅಂದರೆ ಏನು? ಲಿಂಗತ್ವ ಅನ್ನುವುದೂ ಅದೇನಾ?

ಅಲ್ಲ, ಬೇರೆ ಬೇರೆ. ಯಾರ ಕಡೆ ಮನಸ್ಸು, ಮೈ ಎಳೆಯುತ್ತದೆ ಅನ್ನುವುದು ಲೈಂಗಿಕತೆ. ನಾನು ಹೆಣ್ಣಾ, ಗಂಡಾ, ಇವೆರಡರಲ್ಲಿ ಯಾವುದೂ ಅಲ್ಲವಾ ಅನ್ನುವ ಒಳಗಿನ ಅರಿವು ಲಿಂಗತ್ವ. ಗಂಡಸಾಗಿಯೇ ಬಾಳುತ್ತಾ ಇನ್ನೊಬ್ಬ ಗಂಡಸನ್ನು ಪ್ರೀತಿಸುವವನ ಕತೆ ಒಂದು. ಹುಡುಗ ಅಂತ ಬೆಳೆಸಿದ ಮನೆಯಲ್ಲಿ ತಾನು ಹುಡುಗಿ ಅಂತ ಗೊತ್ತಾದವಳ ಕತೆ ಇನ್ನೊಂದು. ಎರಡನ್ನೂ ಒಂದೇ ಡಬ್ಬಿಗೆ ಹಾಕುವ ಅಭ್ಯಾಸ ಓದುಗರಿಗೂ ಇದೆ, ಬರೆಯುವವರಿಗೂ ಇದೆ.

ಅಸ್ಮಿತೆ ಅನ್ನುವುದು ಇವೆರಡರ ಮೇಲೆ ಕೂತಿರುವ ಮೂರನೆಯ ಸಂಗತಿ. ‘ನಾನು ಇಂಥವನು’, ‘ನಾನು ಇಂಥವಳು’ ಅಂತ ತನಗೆ ತಾನೇ, ಆಮೇಲೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು. ಆಸೆ ಹದಿಮೂರನೇ ವಯಸ್ಸಿಗೆ ಬರಬಹುದು, ಅದಕ್ಕೊಂದು ಹೆಸರು ಮೂವತ್ತಕ್ಕೆ ಸಿಗಬಹುದು. ಕೆಲವರಿಗೆ ಸಿಗುವುದೇ ಇಲ್ಲ. ನನ್ನ ಪ್ರಕಾರ ಈ ನಡುವಿನ ವರ್ಷಗಳೇ ಸಾಹಿತ್ಯಕ್ಕೆ ಬೇಕಾದ ವರ್ಷಗಳು. ಹೆಸರು ಸಿಕ್ಕ ಮೇಲಿನ ಬದುಕನ್ನು ಹೇಳಲು ಭಾಷಣ ಇದೆ, ಲೇಖನ ಇದೆ, ಅರ್ಜಿ ಇದೆ. ಹೆಸರಿಲ್ಲದೆ ಒದ್ದಾಡುವ ಮನಸ್ಸನ್ನು ಹೇಳಲು ಕತೆಯೇ ಬೇಕು.

ಇದು ಕೆಲವೇ ಜನರ ವಿಷಯ ಅಲ್ವಾ?

ಹುಡುಗ ಹುಡುಗಿಯನ್ನು ನೋಡಿ ಮರುಳಾಗುವ ಕತೆಯಲ್ಲೂ ಲೈಂಗಿಕ ಅಸ್ಮಿತೆ ಇದೆ. ಆ ಹುಡುಗನನ್ನು ಯಾರೂ ‘ನಿನಗೆ ಹುಡುಗಿಯರು ಇಷ್ಟ ಅಂತ ಯಾವಾಗ ಗೊತ್ತಾಯಿತು?’ ಅಂತ ಕೇಳುವುದಿಲ್ಲ, ಅಷ್ಟೇ. ಒಮ್ಮೆ ಕೇಳಿ ನೋಡಿ. ನೂರು ಸಲ ಓದಿದ ಪ್ರೇಮಕತೆಯೂ ಸ್ವಲ್ಪ ಅಲುಗಾಡುತ್ತದೆ.

ಇದೆಲ್ಲ ಈಚಿನ ಫ್ಯಾಷನ್. ಹಳೆಯ ಸಾಹಿತ್ಯದಲ್ಲಿ ಎಲ್ಲಿತ್ತು?

ಪದ ಈಚಿನದು, ನಿಜ. ಇಂಗ್ಲಿಷಿನ ‘ಹೋಮೋಸೆಕ್ಷುವಲ್’ ಪದದ ಮೂಲ ಜರ್ಮನ್ ಭಾಷೆಯಲ್ಲಿದೆ. ಕಾರ್ಲ್ ಮಾರಿಯಾ ಕೆರ್ಟ್‌ಬೆನಿ ಅನ್ನುವ ಲೇಖಕ 1868ರ ಒಂದು ಕಾಗದದಲ್ಲಿ ಅದನ್ನು ಬಳಸಿದ. ಮರುವರ್ಷ ಅದು ಅಚ್ಚಾಯಿತು. ಅಂದರೆ ಪದಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಫ್ರೆಂಚ್ ಚಿಂತಕ ಮಿಷೆಲ್ ಫೂಕೋ 1976ರಲ್ಲಿ ಇದನ್ನೇ ಹಿಡಿದು ವಾದಿಸಿದ. ಮೊದಲು ಕೆಲವು ‘ಕೃತ್ಯ’ಗಳಿದ್ದವು, ಅವನ್ನು ಯಾರು ಬೇಕಾದರೂ ಮಾಡಬಹುದಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ವೈದ್ಯರೂ ಕಾನೂನಿನವರೂ ಸೇರಿ ಅಂಥ ಒಂದು ‘ವ್ಯಕ್ತಿ’ಯನ್ನೇ ತಯಾರು ಮಾಡಿದರು ಅನ್ನುವುದು ಅವನ ಮಾತು. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೆ ಓದುವಾಗ ಇದು ತಲೆಯಲ್ಲಿದ್ದರೆ ಒಳ್ಳೆಯದು.

ಪದ ಹೊಸದು ಅಂದ ಮಾತ್ರಕ್ಕೆ ಪ್ರಶ್ನೆ ಹೊಸದಾಗುವುದಿಲ್ಲ. ದೂರ ಹೋಗುವುದೇ ಬೇಡ, ಜೇಡರ ದಾಸಿಮಯ್ಯನನ್ನು ತೆಗೆಯಿರಿ:

ಮೊಲೆ ಮುಡಿ ಬಂದಡೆ ಹೆಣ್ಣೆಂಬರು,
ಗಡ್ಡ ಮೀಸೆ ಬಂದಡೆ ಗಂಡೆಂಬರು,
ನಡುವೆ ಸುಳಿವ ಆತ್ಮನು
ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ, ರಾಮನಾಥ.

‘ಎಂಬರು’ ಅನ್ನುವ ಪದವನ್ನು ಗಮನಿಸಿ. ಹೆಣ್ಣು ‘ಆಗುತ್ತದೆ’ ಅಂತ ಅವನು ಹೇಳುತ್ತಿಲ್ಲ, ಹೆಣ್ಣು ಅಂತ ಜನ ‘ಅನ್ನುತ್ತಾರೆ’ ಅಂತ ಹೇಳುತ್ತಿದ್ದಾನೆ. ಮೈ ಮೇಲೆ ಎರಡು ಗುರುತು ಕಂಡವು, ಊರಿನವರು ಒಂದು ಹೆಸರಿಟ್ಟರು. ಹುಟ್ಟಿದಾಗ ‘ಅಂಟಿಸಿದ’ ಲಿಂಗ ಅಂತ ಈಗಿನವರು ಹೇಳುವುದಕ್ಕೂ ಇದಕ್ಕೂ ಎಷ್ಟು ದೂರ ಇದೆ ಹೇಳಿ.

ಇದೇ ಮಾತನ್ನು ಗೊಗ್ಗವ್ವೆಯೂ ತನ್ನ ವಚನದಲ್ಲಿ ಎತ್ತಿಕೊಳ್ಳುತ್ತಾಳೆ. ಶುರು ಹೆಚ್ಚು ಕಡಿಮೆ ಹಾಗೇ ಇದೆ. ಆದರೆ ಕೊನೆಗೆ ಅವಳು ತೀರ್ಪು ಕೊಡುವುದಿಲ್ಲ. ಈ ಎರಡನ್ನೂ ಬಲ್ಲ ಜ್ಞಾನ ಹೆಣ್ಣೋ ಗಂಡೋ ಅಂತ ತನ್ನ ದೇವರು ನಾಸ್ತಿನಾಥನನ್ನೇ ಕೇಳಿ ಸುಮ್ಮನಾಗುತ್ತಾಳೆ. ದಾಸಿಮಯ್ಯ ‘ಅಲ್ಲ, ಅಲ್ಲ’ ಅಂದು ಬಾಗಿಲು ಹಾಕಿದರೆ ಇವಳು ಬಾಗಿಲು ತೆರೆದಿಟ್ಟು ಹೋಗುತ್ತಾಳೆ. ನನಗೆ ಗೊಗ್ಗವ್ವೆಯ ವಚನವೇ ಒಂದು ತೂಕ ಜಾಸ್ತಿ.

ಆತ್ಮಕ್ಕೆ ಲಿಂಗವಿಲ್ಲ ಅಂತ ವಚನಕಾರರೇ ಹೇಳಿದ ಮೇಲೆ, ಈಗ ಈ ಹೆಸರುಗಳೆಲ್ಲ ಯಾಕೆ?

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುವವರು ಯಾರು ನೋಡಿ. ಯಾರ ಹೆಸರನ್ನು, ಯಾರ ಉಡುಪನ್ನು ಯಾರೂ ಪ್ರಶ್ನೆ ಮಾಡಿಲ್ಲವೋ ಅವರು. ಅವರಿಗೆ ‘ಆತ್ಮಕ್ಕೆ ಲಿಂಗವಿಲ್ಲ’ ಅನ್ನುವುದು ಸುಲಭದ ಮಾತು.

ಮಂಜಮ್ಮ ಜೋಗತಿ ಅವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ಹುಡುಗ ಅಂತ ಬೆಳೆಸಿದರೂ ಹೆಣ್ಣಾಗಿ ಬಾಳಿದ, 2021ರ ಪದ್ಮಶ್ರೀ ಪಡೆದ ಜನಪದ ಕಲಾವಿದೆ ಅವರು. ದಾಸಿಮಯ್ಯನ ಸಾಲು ಗೊತ್ತಿದ್ದವರಿಗೆ ಈ ಹೆಸರು ಕಿವಿಗೆ ಬಿದ್ದ ಕೂಡಲೇ ಒಂದು ಕ್ಷಣ ನಿಲ್ಲುವ ಹಾಗಾಗುತ್ತದೆ. ಅವನು ‘ನಡುವೆ ಸುಳಿವ ಆತ್ಮ’ ಅಂದಿದ್ದ. ಇಲ್ಲಿ ‘ಆತ್ಮ’ ಹೋಗಿ ‘ಹೆಣ್ಣು’ ಬಂದು ಕೂತಿದೆ. ಒಂದೇ ಪದದ ಬದಲಾವಣೆ. ‘ನಡುವೆ ಇರುವುದು ಯಾವುದೂ ಅಲ್ಲ’ ಅನ್ನುವ ಮಾತಿಗೆ ‘ನಡುವೆ ಇರುವವಳು ನಾನು, ನಾನು ಹೆಣ್ಣು’ ಅನ್ನುವ ಉತ್ತರ. ಎಂಟು ನೂರು ವರ್ಷಕ್ಕೂ ಹಳೆಯ ಸಾಲಿನ ಜೊತೆ ಹೀಗೆ ಮಾತಿಗಿಳಿಯುವ ಶೀರ್ಷಿಕೆ ಕನ್ನಡದಲ್ಲಿ ಮತ್ತೊಂದು ನನಗೆ ನೆನಪಾಗುತ್ತಿಲ್ಲ.

ವಚನಕಾರರನ್ನು ಇಂದಿನ ಚಳವಳಿಗೆ ಸದಸ್ಯರನ್ನಾಗಿ ಸೇರಿಸುವುದೂ ಬೇಡ. ಅವರ ಕಣ್ಣು ಇದ್ದದ್ದು ಬಯಲಿನ, ಅಂದರೆ ಎಲ್ಲ ಗುರುತೂ ಕರಗುವ ಶೂನ್ಯದ ಮೇಲೆ, ಶಿವನ ಮೇಲೆ. ‘ನಾನು’ ಕರಗಿಹೋಗಲಿ ಅಂತ ಅವರು ಬಯಸಿದರು. ಇವತ್ತಿನ ಆತ್ಮಕತೆ ಬರೆಯುವವರಿಗೆ ಆ ‘ನಾನು’ ಇನ್ನೂ ಕೈಗೇ ಸಿಕ್ಕಿಲ್ಲ. ಸಿಗದೇ ಇರುವುದನ್ನು ಕರಗಿಸು ಅಂದರೆ ಹೇಗೆ?

ಶಿಖಂಡಿ, ಬೃಹನ್ನಳೆ ಇವರನ್ನು ಟ್ರಾನ್ಸ್ (ಹುಟ್ಟಿದಾಗ ಅಂಟಿಸಿದ ಲಿಂಗ ತನ್ನದಲ್ಲ ಅನ್ನುವ) ಪಾತ್ರಗಳು ಅನ್ನಬಹುದಾ?

ಇಬ್ಬರನ್ನೂ ಒಟ್ಟಿಗೆ ಹೇಳುವುದೇ ತಪ್ಪು. ಬೃಹನ್ನಳೆಯಾಗಿ ಅರ್ಜುನ ವಿರಾಟನ ಅರಮನೆಯಲ್ಲಿ ಇದ್ದದ್ದು ಒಂದು ವರ್ಷ. ಅಜ್ಞಾತವಾಸ ಮುಗಿಯಿತು, ಗಾಂಡೀವ ಕೈಗೆ ಬಂತು, ಕತೆ ಅವನನ್ನು ಮೊದಲಿದ್ದ ಜಾಗಕ್ಕೆ ತಂದು ನಿಲ್ಲಿಸಿತು. ಅವನು ಯಾರು ಅನ್ನುವ ಬಗ್ಗೆ ಅವನಿಗಾಗಲಿ ಕೇಳುವವರಿಗಾಗಲಿ ಅನುಮಾನವೇ ಇರಲಿಲ್ಲ.

ಶಿಖಂಡಿಯ ಕತೆ ಬೇರೆ. ದ್ರುಪದನ ಮನೆಯಲ್ಲಿ ಹೆಣ್ಣಾಗಿ ಹುಟ್ಟಿದ್ದು, ಗಂಡು ಅಂತ ಬೆಳೆಸಿದ್ದು, ಇನ್ನೊಬ್ಬ ರಾಜನ ಮಗಳ ಜೊತೆ ಮದುವೆಯೂ ಆದದ್ದು. ಗುಟ್ಟು ರಟ್ಟಾಗಿ ಯುದ್ಧದ ಬೆದರಿಕೆ ಬಂದಾಗ ಸಾಯಲು ಕಾಡಿಗೆ ಹೋದದ್ದು. ಅಲ್ಲಿ ಸ್ಥೂಣಾಕರ್ಣ ಅನ್ನುವ ಯಕ್ಷ ಕನಿಕರಪಟ್ಟು ತನ್ನ ಗಂಡುತನವನ್ನು ಸ್ವಲ್ಪ ದಿನದ ಮಟ್ಟಿಗೆ ಸಾಲ ಕೊಡುತ್ತಾನೆ. ಕುಬೇರ ಸಿಟ್ಟಾಗಿ, ಶಿಖಂಡಿ ಸಾಯುವ ತನಕ ನೀನು ಹೀಗೇ ಇರು ಅಂತ ಯಕ್ಷನಿಗೆ ಶಾಪ ಹಾಕುತ್ತಾನೆ. ಸಾಲ ಅಂತ ತಂದದ್ದು ಹೀಗೆ ಬದುಕಿನುದ್ದಕ್ಕೂ ಉಳಿಯಿತು. ಇಷ್ಟೆಲ್ಲ ಆದರೂ ಯುದ್ಧಭೂಮಿಯಲ್ಲಿ ಭೀಷ್ಮ ನೋಡುವುದು ಹುಟ್ಟಿದಾಗಿನ ಹೆಣ್ಣನ್ನೇ. ಮೈ ಬದಲಾಗಿದೆ, ಹೆಸರು ಬದಲಾಗಿದೆ, ಎದುರಿಗೆ ನಿಂತವರ ಕಣ್ಣು ಬದಲಾಗಿಲ್ಲ. ಇವತ್ತಿನ ಯಾವ ಟ್ರಾನ್ಸ್ ಆತ್ಮಕತೆ ಓದಿದರೂ ಈ ಜಾಗ ಬಂದೇ ಬರುತ್ತದೆ.

ಹಾಗಂತ ‘ಟ್ರಾನ್ಸ್ ಪಾತ್ರ’ ಅಂತ ಹಣೆಪಟ್ಟಿ ಹಚ್ಚಲು ನನಗೆ ಮನಸ್ಸಿಲ್ಲ. ಆ ಪದ ತರುವ ಆಯ್ಕೆ, ಹಕ್ಕು ಇವೆಲ್ಲ ಆ ಕತೆಯ ಲೋಕದಲ್ಲಿ ಇಲ್ಲ. ಆದರೆ ‘ಶಿಖಂಡಿ’ ಅನ್ನುವ ಹೆಸರು ಕನ್ನಡದಲ್ಲಿ ಬೈಗುಳವಾಗಿ ಹೋಗಿದೆಯಲ್ಲ, ಅದನ್ನು ಕೇಳಿದಾಗ ಒಮ್ಮೆ ಈ ಕತೆ ನೆನಪಾಗಲಿ.

ಕನ್ನಡದಲ್ಲಿ ಬರೆಯುವಾಗ ‘ಅವನು–ಅವಳು’ ತೊಂದರೆ ಹೇಗೆ ನಿಭಾಯಿಸುವುದು?

ನನಗೆ ತುಂಬ ಇಷ್ಟದ ಪ್ರಶ್ನೆ. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಕನ್ನಡದ ‘ನಾನು’ಗೆ ಲಿಂಗ ಇಲ್ಲ. ‘ನಾನು ಬಂದೆ’ ಅಂದರೆ ಬಂದದ್ದು ಯಾರು ಅಂತ ವಾಕ್ಯ ಬಿಟ್ಟುಕೊಡುವುದಿಲ್ಲ. ಹಿಂದಿಯಲ್ಲಿ ‘ಮೈಂ ಗಯಾ’, ‘ಮೈಂ ಗಯೀ’ ಅಂತ ಬಾಯಿ ಬಿಟ್ಟ ಕೂಡಲೇ ಗುಟ್ಟು ಹೊರಗೆ. ಶಾಲೆಯ ವ್ಯಾಕರಣದಲ್ಲಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಆದ ಮೇಲೆ ಮೂಲೆಯಲ್ಲಿ ‘ವಾಚ್ಯಲಿಂಗ’ ಅಂತ ಒಂದು ಬರುತ್ತಿತ್ತು, ನೆನಪಿದೆಯಾ? ನಾನು, ನೀನು, ತಾನು ಆ ಗುಂಪಿನವು. ಪದ ಯಾರನ್ನು ಸೂಚಿಸುತ್ತದೋ ಅವರ ಲಿಂಗವೇ ಪದದ ಲಿಂಗ. ಪರೀಕ್ಷೆಗೆ ಎರಡು ಅಂಕಕ್ಕೆ ಉರು ಹೊಡೆದದ್ದು ಕತೆ ಬರೆಯುವಾಗ ಇಷ್ಟು ಕೆಲಸಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಕಷ್ಟ ಶುರುವಾಗುವುದು ಮೂರನೆಯವರು ಬಂದಾಗ. ಬಂದ, ಬಂದಳು, ಬಂತು. ಕ್ರಿಯಾಪದ ಮುಗಿಯುವ ಮುಂಚೆ ನೀವು ತೀರ್ಮಾನ ಮಾಡಿರಲೇಬೇಕು. ಇಂಗ್ಲಿಷಿನಲ್ಲಿ ಸರ್ವನಾಮ ತಪ್ಪಿಸಿದರೆ ಸಾಕು, ಕನ್ನಡದಲ್ಲಿ ಸರ್ವನಾಮ ಬಿಟ್ಟರೂ ಬಾಲ ಸಿಕ್ಕಿಬೀಳುತ್ತದೆ.

ನಾನೇ ಸಿಕ್ಕಿಬಿದ್ದಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಪುಟ್ಟ ಇಂಗ್ಲಿಷ್ ಕತೆಯನ್ನು ಅನುವಾದ ಮಾಡುತ್ತಿದ್ದೆ. ಅದರಲ್ಲಿ ಪ್ರೀತಿಸಿದ ವ್ಯಕ್ತಿಗೆ ಒಂದು ಹೆಸರು ಮಾತ್ರ ಇತ್ತು, ಹೆಣ್ಣಿಗೂ ಗಂಡಿಗೂ ಇಡುವಂಥ ಹೆಸರು. ಮೂರನೇ ಪುಟದಲ್ಲಿ ಮಳೆಯಲ್ಲಿ ನೆನೆದು ಆ ವ್ಯಕ್ತಿ ಒಳಗೆ ಬರುವ ಸಾಲು. ಯೋಚನೆಯೇ ಇಲ್ಲದೆ ‘ಬಂದಳು’ ಅಂತ ಬರೆದು ಮುಂದೆ ಹೋದೆ. ಇಡೀ ಕತೆ ಮುಗಿದ ಮೇಲೆ ಮೂಲ ತೆಗೆದು ನೋಡಿದರೆ ಎಲ್ಲೂ ‘ಅವಳು’ ಇಲ್ಲ. ‘ಅವನು’ ಕೂಡ ಇಲ್ಲ. ಕತೆಗಾರರು ಹತ್ತು ಪುಟ ಜೋಪಾನ ಮಾಡಿದ್ದನ್ನು ನಾನು ಒಂದು ‘ಳು’ ಹಾಕಿ ಮುಗಿಸಿದ್ದೆ. ಹೇಳುವ ‘ನಾನು’ ಗಂಡಸು ಅಂತಲೂ ನಾನೇ ಊಹಿಸಿಕೊಂಡಿದ್ದೆ ಅಂತ ಆಗಲೇ ಗೊತ್ತಾದದ್ದು.

ದಾರಿಗಳಿವೆ. ‘ಬಾಗಿಲು ತೆಗೆದರೆ ಎದುರಿಗೆ ಕಿರಣ್. ತಲೆಯಿಂದ ನೀರು ಇಳಿಯುತ್ತಿತ್ತು. ಒದ್ದೆ ಕೈ ನನ್ನ ಭುಜದ ಮೇಲೆ ಬಿತ್ತು.’ ಇಲ್ಲಿ ಎಲ್ಲೂ ಲಿಂಗ ಇಲ್ಲ. ನೀರು ಇಳಿಯಿತು, ಕೈ ಬಿತ್ತು, ನಗು ಕೇಳಿಸಿತು ಅಂತ ಮೈಯ ಭಾಗಗಳನ್ನೇ ಕರ್ತೃ ಮಾಡಿಕೊಳ್ಳಬಹುದು. ‘ಬಂದಾಗ’, ‘ಬಂದ ಮೇಲೆ’, ‘ಬಂದದ್ದು’ ಇವಕ್ಕೂ ಲಿಂಗ ಇಲ್ಲ. ಐದಾರು ಪುಟ ಹೀಗೆ ನಡೆಸಬಹುದು. ಆಮೇಲೆ ಉಸಿರು ಕಟ್ಟುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

‘ಅವರು’ ಹಾಕಿದರೆ? ಹಾಕಬಹುದು. ತಮ್ಮನ್ನು ಹಾಗೇ ಕರೆಯಿರಿ ಅನ್ನುವವರೂ ಇದ್ದಾರೆ, ಅವರ ಬಗ್ಗೆ ಬರೆಯುವಾಗ ಬೇರೆ ಯೋಚನೆಯೇ ಬೇಡ. ಕತೆಯಲ್ಲಿ ಮಾತ್ರ ಒಂದು ತಮಾಷೆ ಇದೆ. ‘ಅವರು’ ಜೊತೆಗೆ ಗೌರವವೂ ದೂರವೂ ಬರುತ್ತವೆ. ಮೇಲಾಗಿ ಹಳೆಯ ತಲೆಮಾರಿನ ಹೆಂಗಸರ ಬಾಯಲ್ಲಿ ‘ಅವರು’ ಅಂದರೆ ಗಂಡ! ಲಿಂಗ ಮುಚ್ಚಲು ಹೋಗಿ ಗಂಡನನ್ನು ತಂದು ಕೂರಿಸಿದ ಹಾಗಾಗುತ್ತದೆ.

ಹೊರಗಿನವರೂ ಇದರ ಜೊತೆ ಗುದ್ದಾಡಿದ್ದಾರೆ. ಆನ್ ಗರೆಟಾ 1986ರಲ್ಲಿ ಫ್ರೆಂಚಿನಲ್ಲಿ ಬರೆದ ‘ಸ್ಫಿಂಕ್ಸ್’ ಕಾದಂಬರಿಯಲ್ಲಿ ಪ್ರೇಮಿಗಳಿಬ್ಬರ ಲಿಂಗವೂ ಕೊನೆಯ ತನಕ ಗೊತ್ತಾಗುವುದಿಲ್ಲ. ಫ್ರೆಂಚಿನಲ್ಲಿ ವಿಶೇಷಣಗಳಿಗೂ ಲಿಂಗ ಅಂಟಿಕೊಂಡಿರುವುದರಿಂದ ಇದು ಸಣ್ಣ ಸಾಹಸವಲ್ಲ. ಅರ್ಸುಲಾ ಲೆ ಗ್ವಿನ್ 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ನಲ್ಲಿ ಸ್ಥಿರವಾದ ಲಿಂಗವೇ ಇಲ್ಲದ ಜನರ ಲೋಕ ಕಟ್ಟಿ, ಅವರೆಲ್ಲರಿಗೂ ‘ಹೀ’ ಅಂತಲೇ ಬಳಸಿದರು. ಓದುಗರು ತಕರಾರು ತೆಗೆದರು. ಮೊದಮೊದಲು ಒಂದು ಪ್ರಬಂಧದಲ್ಲಿ ಸಮರ್ಥಿಸಿಕೊಂಡ ಅವರು, ವರ್ಷಗಳ ನಂತರ ತಮ್ಮ ಆ ಪ್ರಬಂಧಕ್ಕೆ ತಾವೇ ಟಿಪ್ಪಣಿ ಸೇರಿಸಿ ತಪ್ಪು ಒಪ್ಪಿಕೊಂಡರು. ಹೀಗೆ ಬಹಿರಂಗವಾಗಿ ಮನಸ್ಸು ಬದಲಿಸುವ ಲೇಖಕರು ಎಷ್ಟು ಜನ ಸಿಗುತ್ತಾರೆ?

ಸರ್ವನಾಮಕ್ಕೆ ಇಷ್ಟೊಂದು ಮಹತ್ವ ಬೇಕಾ?

ಬೇಡದಿದ್ದರೆ ಅದನ್ನು ತಿದ್ದಲು ಜನ ಇಷ್ಟು ಕಷ್ಟಪಡುತ್ತಿರಲಿಲ್ಲ. ಶೇಕ್ಸ್‌ಪಿಯರ್‌ನ ಸಾನೆಟ್‌ಗಳು 1609ರಲ್ಲಿ ಅಚ್ಚಾದವು. ಹೆಚ್ಚಿನವು ಒಬ್ಬ ಯುವಕನನ್ನು ಕುರಿತವು. 1640ರಲ್ಲಿ ಜಾನ್ ಬೆನ್ಸನ್ ಅನ್ನುವ ಪ್ರಕಾಶಕ ಮರುಮುದ್ರಿಸುವಾಗ ಕೆಲವು ಕಡೆ ‘ಅವನ’ನ್ನು ‘ಅವಳು’ ಮಾಡಿದ. ಮೈಕೆಲೇಂಜೆಲೋ ಗಂಡಸರಿಗೆ ಬರೆದ ಪ್ರೇಮಪದ್ಯಗಳಿಗೂ 1623ರಲ್ಲಿ ಇದೇ ಗತಿ ಬಂತು. ತಿದ್ದಿದವನು ಅವನ ತಮ್ಮನ ಮೊಮ್ಮಗ, ಮನೆತನದ ಮರ್ಯಾದೆ ಕಾಪಾಡಿದ ಅಂತ ಅಂದುಕೊಂಡಿರಬೇಕು. ಮೂಲ ಪಾಠ ಮತ್ತೆ ಹೊರಬರಲು ಇನ್ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಪಾರಸಿ ಕವಿಗಳಿಗೆ ಈ ತಲೆನೋವೇ ಇರಲಿಲ್ಲ. ಆ ಭಾಷೆಯ ಸರ್ವನಾಮಕ್ಕೆ ಲಿಂಗವಿಲ್ಲ. ಗಜಲ್‌ನ ಪ್ರಿಯ ವ್ಯಕ್ತಿ ಹೆಣ್ಣಾ, ಗಂಡಾ, ದೇವರಾ ಅಂತ ಓದುಗರು ತಮ್ಮ ತಮ್ಮಲ್ಲೇ ಜಗಳ ಆಡಿಕೊಳ್ಳಬೇಕು.

ಪಾತ್ರ ಹಾಗಿದ್ದರೆ ಬರೆದವರೂ ಹಾಗೇ ಇರಬೇಕು ಅಲ್ವಾ?

ಇರಬಹುದು, ಇಲ್ಲದಿರಬಹುದು. ಈ ಕುತೂಹಲದ ಹಿಂದೆ ಒಂದು ಕೆಟ್ಟ ಚರಿತ್ರೆ ಇದೆ. 1895ರಲ್ಲಿ ಆಸ್ಕರ್ ವೈಲ್ಡ್ ಲಂಡನ್ನಿನ ಕೋರ್ಟಿನಲ್ಲಿ ನಿಂತಾಗ ಎದುರು ಪಕ್ಷದ ವಕೀಲ ಅವನ ಕಾದಂಬರಿ ‘ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ’ ಹಿಡಿದು, ಅದರ ಸಾಲುಗಳನ್ನು ಓದಿ ಓದಿ ಪ್ರಶ್ನೆ ಹಾಕಿದ. ಪಾತ್ರಗಳ ಮಾತು ಬರೆದವನ ವಿರುದ್ಧ ಸಾಕ್ಷಿಯಾಯಿತು. ಆಮೇಲೆ ಬೇರೆ ಸಾಕ್ಷಿಗಳೂ ಸೇರಿ ವೈಲ್ಡ್‌ಗೆ ಎರಡು ವರ್ಷ ಕಠಿಣ ಸಜೆ ಆಯಿತು. ‘ಇದು ನಿಮ್ಮದೇ ಕತೆನಾ?’ ಅಂತ ನಗುತ್ತಾ ಕೇಳುವಾಗ ನಾವು ಆ ವಕೀಲನ ಜಾಗದಲ್ಲಿ ನಿಂತಿದ್ದೇವಾ ಅಂತ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ತಾವೇ ಹೇಳಿಕೊಂಡರೆ ಆ ಮಾತು ಬೇರೆ. ವಸುಧೇಂದ್ರ ‘ಮೋಹನಸ್ವಾಮಿ’ ಕತೆಗಳನ್ನು 2013ರಲ್ಲಿ ಪುಸ್ತಕವಾಗಿ ತಂದರು, ತಾವು ಗೇ ಅಂತ ಮುಚ್ಚುಮರೆ ಇಲ್ಲದೆ ಮಾತಾಡಿದರು. ಆಗ ಕನ್ನಡದ ಓದುಗರಿಗೆ ಅದು ದೊಡ್ಡ ಸಂಗತಿ. ಆದರೂ ಮೋಹನಸ್ವಾಮಿಯ ಪ್ರತಿ ಅಳುವನ್ನೂ ಲೇಖಕರ ಡೈರಿ ಅಂತ ಓದಿದರೆ ಕತೆ ಕಟ್ಟಿದ ಕಸುಬಿಗೆ ಬೆಲೆಯೇ ಇಲ್ಲದ ಹಾಗಾಗುತ್ತದೆ.

ಹಾಗಾದರೆ ಈ ಬಗ್ಗೆ ಆ ಸಮುದಾಯದವರೇ ಬರೆಯಬೇಕಾ? ಬೇರೆಯವರು ಬರೆಯಬಾರದಾ?

ಬರೆಯಬಾರದು ಅಂತ ಯಾರಿಗೂ ಹೇಳಲಾರೆ. ಆದರೆ ಹೊರಗಿನಿಂದ ಬರೆದ ಎಷ್ಟೋ ಕತೆಗಳಲ್ಲಿ ಒಂದು ಗುರುತು ಸಿಗುತ್ತದೆ: ಪಾತ್ರಕ್ಕೆ ತನ್ನ ಲೈಂಗಿಕತೆಯನ್ನು ಬಿಟ್ಟು ಬೇರೆ ಕೆಲಸವೇ ಇರುವುದಿಲ್ಲ. ಬೆಳಗ್ಗೆಯಿಂದ ರಾತ್ರಿ ತನಕ ಅದನ್ನೇ ಯೋಚಿಸುತ್ತಾ ಕಿಟಕಿಯ ಬಳಿ ನಿಂತಿರುತ್ತದೆ. ಹಲ್ಲುನೋವು ಇಲ್ಲ, ಸಾಲ ಇಲ್ಲ, ತಂಗಿಯ ಮೇಲೆ ಸಿಟ್ಟಿಲ್ಲ. ಒಳಗಿನವರು ಬರೆದಾಗ ಹಲ್ಲುನೋವು ತಾನಾಗಿ ಬರುತ್ತದೆ.

ರೇವತಿ ಅವರ ಆತ್ಮಕತೆ ಇಂಗ್ಲಿಷಿನಲ್ಲಿ 2010ರಲ್ಲಿ ‘ದಿ ಟ್ರೂತ್ ಅಬೌಟ್ ಮಿ’ ಆಗಿ ಬಂತು. ದು. ಸರಸ್ವತಿ ಅದನ್ನು ‘ಬದುಕು ಬಯಲು’ ಅಂತ ಕನ್ನಡಕ್ಕೆ ತಂದರು. ಹಿಜ್ರಾ ಬದುಕಿನ ನೋವು, ಹಿಂಸೆ ಅದರಲ್ಲಿ ಇದ್ದೇ ಇದೆ. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಮನೆಯವರಿಂದ ಅಷ್ಟು ಪೆಟ್ಟು ತಿಂದೂ ಮತ್ತೆ ಮತ್ತೆ ಆ ಮನೆಗೇ ಹೋಗುವ ಮಗಳು.

ಟ್ರಾನ್ಸ್ ವ್ಯಕ್ತಿಗಳ ಪುಸ್ತಕದ ಬಗ್ಗೆ ಬರೆಯುವವರಿಗೆ ಒಂದು ಕಿವಿಮಾತು. ‘ನಾನು’ ಅಂತ ಹೇಳಿಕೊಳ್ಳುವಾಗ ಅವರಿಗೆ ಬಾಲ್ಯವೂ ತನ್ನದೇ, ಈಗಿನದೂ ತನ್ನದೇ. ವಿಮರ್ಶೆ ಬರೆಯುವವರು ಮಾತ್ರ ‘ಅವನು ಚಿಕ್ಕವನಿದ್ದಾಗ, ಆಮೇಲೆ ಅವಳು’ ಅಂತ ಬರೆದು ಒಬ್ಬರನ್ನು ಇಬ್ಬರು ಮಾಡಿಬಿಡುತ್ತಾರೆ. ಅವರು ಈಗ ಬಳಸುವ ಹೆಸರು, ಲಿಂಗವನ್ನೇ ಬಾಲ್ಯಕ್ಕೂ ಬಳಸಿ.

ಇಂಥ ಕತೆಗಳು ಯಾಕೆ ಸಾವಿನಲ್ಲೋ ಅಗಲಿಕೆಯಲ್ಲೋ ಮುಗಿಯುತ್ತವೆ?

ಬಹಳ ಕಾಲ ಹಾಗೆ ಮುಗಿಸಿದರೆ ಮಾತ್ರ ಅಚ್ಚು ಹಾಕುತ್ತಿದ್ದರು. ಪಾತ್ರ ಸತ್ತರೆ ನೀತಿ ಉಳಿಯಿತು ಅಂತ ಲೆಕ್ಕ. ಇ. ಎಂ. ಫಾರ್ಸ್ಟರ್ 1913–14ರಲ್ಲಿ ‘ಮಾರೀಸ್’ ಬರೆದ. ಇಬ್ಬರು ಗಂಡಸರ ಪ್ರೀತಿ, ಅದರ ಕೊನೆ ಸುಖದ್ದೇ ಆಗಬೇಕು ಅಂತ ಹಟ ಹಿಡಿದಿದ್ದ. ಕೊನೆಯಲ್ಲಿ ನೇಣೋ ಆತ್ಮಹತ್ಯೆಯೋ ಇದ್ದಿದ್ದರೆ ಪ್ರಕಟಿಸಲು ತೊಂದರೆ ಇರುತ್ತಿರಲಿಲ್ಲ ಅನ್ನುವ ಅರ್ಥದ ಮಾತನ್ನು ಅವನೇ ಬರೆದಿಟ್ಟಿದ್ದಾನೆ. ಪುಸ್ತಕ ಬಂದದ್ದು 1971ರಲ್ಲಿ, ಅವನು ತೀರಿಕೊಂಡ ಮರುವರ್ಷ. ಐವತ್ತಕ್ಕೂ ಹೆಚ್ಚು ವರ್ಷ ಒಂದು ಸುಖಾಂತ ಬೆಳಕು ಕಾಣದೆ ಕೂತಿತ್ತು.

ಈಗಲೂ ಸಾವು ಬರೆಯಬಾರದು ಅಂತಲ್ಲ. ಸಾವು ಕತೆಯೊಳಗಿಂದ ಬಂತಾ, ಅಥವಾ ಮುಂದೇನು ಅಂತ ತಿಳಿಯದೆ ಬಂತಾ ಅಂತ ನೋಡಿದರೆ ಗೊತ್ತಾಗುತ್ತದೆ.

ಅಶ್ಲೀಲತೆಯ ಗೆರೆ ಎಲ್ಲಿ?

ಗೆರೆ ಎಳೆಯುವವರಿಗೂ ಅದು ಗೊತ್ತಿದ್ದಂತಿಲ್ಲ. 1928ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಪುಸ್ತಕ ಬಂದವು. ರ‍್ಯಾಡ್‌ಕ್ಲಿಫ್ ಹಾಲ್ ಅವರ ‘ದಿ ವೆಲ್ ಆಫ್ ಲೋನ್ಲಿನೆಸ್’ ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಕತೆ. ಅದರಲ್ಲಿ ಮಲಗುವ ಕೋಣೆಯ ವಿಷಯ ಅಂತ ಇರುವುದು ಒಂದು ಸೂಚನೆಯ ಸಾಲು, ಅಷ್ಟೇ. ಕೋರ್ಟು ಅದನ್ನು ಅಶ್ಲೀಲ ಅಂದಿತು. ಅದೇ ವರ್ಷ ವರ್ಜೀನಿಯಾ ವುಲ್ಫ್ ಅವರ ‘ಆರ್ಲ್ಯಾಂಡೊ’ ಬಂತು. ಗಂಡಾಗಿದ್ದವನು ಒಂದು ದಿನ ನಿದ್ದೆಯಿಂದೆದ್ದು ಹೆಣ್ಣಾಗಿರುತ್ತಾನೆ, ಶತಮಾನಗಳ ಕಾಲ ಬದುಕುತ್ತಾನೆ. ಯಾರೂ ತಡೆಯಲಿಲ್ಲ, ಚೆನ್ನಾಗಿ ಮಾರಾಟವೂ ಆಯಿತು. ಹಾಲ್ ಗಂಭೀರವಾಗಿ ‘ನಮ್ಮನ್ನು ಒಪ್ಪಿಕೊಳ್ಳಿ’ ಅಂತ ಕೇಳಿದ್ದರು. ವುಲ್ಫ್ ಆಟ ಆಡಿದ್ದರು. ಮೈಗಿಂತ ಜಾಸ್ತಿ ಆ ಬೇಡಿಕೆಯೇ ಜನರನ್ನು ಕೆರಳಿಸಿತು ಅಂತ ನನ್ನ ಊಹೆ.

ಇಸ್ಮತ್ ಚುಗ್ತಾಯಿಯ ‘ಲಿಹಾಫ್’ ಉರ್ದುವಿನಲ್ಲಿ ಬಂದದ್ದು 1942ರಲ್ಲಿ. ಗಂಡ ಕಡೆಗಣಿಸಿದ ಬೇಗಂ ಮತ್ತು ಅವಳ ಮೈ ತಿಕ್ಕುವ ಹೆಂಗಸು. ಕತೆ ಹೇಳುವುದು ಅದೇ ಕೋಣೆಯಲ್ಲಿ ಮಲಗಿದ್ದ ಚಿಕ್ಕ ಹುಡುಗಿ. ರಾತ್ರಿ ರಜಾಯಿ ಅಲ್ಲಾಡುತ್ತದೆ, ಗೋಡೆಯ ಮೇಲೆ ಆನೆಯಂಥ ನೆರಳು. ಹುಡುಗಿಗೆ ಹೆದರಿಕೆ. ಏನು ನಡೆಯುತ್ತಿದೆ ಅಂತ ಅವಳಿಗೆ ಗೊತ್ತಿಲ್ಲ, ಅದಕ್ಕೆ ಪದವೂ ಗೊತ್ತಿಲ್ಲ. ಹಾಗಾಗಿ ಕತೆಯಲ್ಲೂ ಆ ಪದ ಇಲ್ಲ. ಲಾಹೋರಿನಲ್ಲಿ ಅಶ್ಲೀಲತೆಯ ಕೇಸು ನಡೆದಾಗ ಅಶ್ಲೀಲ ಅನ್ನುವ ಒಂದು ಪದವನ್ನು ಎತ್ತಿ ತೋರಿಸಲು ಎದುರಿನವರಿಗೆ ಆಗಲಿಲ್ಲ. ಇಸ್ಮತ್ ಗೆದ್ದರು. ಪದ ಗೊತ್ತಿಲ್ಲದ ಮಗುವಿನ ಕೈಗೆ ಕತೆ ಕೊಟ್ಟದ್ದು ಎಂಥ ಜಾಣತನ!

‘ಸಲಿಂಗಕಾಮಿ’ ಅನ್ನಬಹುದಾ? ಯಾವ ಪದ ಸರಿ?

ಪತ್ರಿಕೆಗಳಲ್ಲಿ ಈಗಲೂ ಇದೆ. ನನಗೆ ಅದರೊಳಗಿನ ‘ಕಾಮಿ’ ಹಿಡಿಸುವುದಿಲ್ಲ. ಹೆಂಡತಿಯನ್ನು ಪ್ರೀತಿಸುವ ಗಂಡನನ್ನು ಯಾರೂ ‘ಭಿನ್ನಲಿಂಗಕಾಮಿ’ ಅಂತ ಪರಿಚಯ ಮಾಡಿಕೊಡುವುದಿಲ್ಲ. ‘ಸಲಿಂಗಿ’, ‘ಸಲಿಂಗ ಪ್ರೇಮ’ ಚಾಲ್ತಿಗೆ ಬಂದಿವೆ. ಗೇ, ಲೆಸ್ಬಿಯನ್, ಟ್ರಾನ್ಸ್, ಇವರನ್ನೆಲ್ಲ ಒಟ್ಟಾಗಿ ಹೇಳುವ ಕ್ವಿಯರ್ ಹಾಗೇ ಕನ್ನಡವಾಗಿ ಬಿಟ್ಟಿವೆ. ‘ಲೈಂಗಿಕ ಅಲ್ಪಸಂಖ್ಯಾತರು’ ಸಭೆಗೆ ಸರಿ, ಕತೆಗೆ ಭಾರ. ‘ಮಂಗಳಮುಖಿ’ ಕೆಲವರಿಗೆ ಇಷ್ಟ, ಕೆಲವರಿಗೆ ಆಗದು. ವ್ಯಕ್ತಿ ತನ್ನನ್ನು ಏನು ಅಂದುಕೊಳ್ಳುತ್ತಾರೋ ಅದನ್ನೇ ಅನ್ನಿ. ಪಾತ್ರದ ಬಾಯಲ್ಲಿ ಬೈಗುಳವೇ ಬರಬೇಕಾದರೆ ಬರಲಿ, ನಿರೂಪಕರ ಬಾಯಲ್ಲಿ ಬರುವಾಗ ಮಾತ್ರ ಎರಡು ಸಲ ನೋಡಿ.

ಎಲ್ಲಿಂದ ಓದಲು ಶುರು ಮಾಡಲಿ?

ಮೇಲೆ ಹೇಳಿದವುಗಳಲ್ಲಿ ಯಾವುದು ಕೈಗೆ ಸಿಗುತ್ತದೋ ಅದು. ‘ಬದುಕು ಬಯಲು’ ಮೊದಲು ಓದಿ ಅಂತ ನನ್ನ ಒತ್ತಾಯ. ಸಿದ್ಧಾಂತದ ಪುಸ್ತಕ ಆಮೇಲೆ ಇದ್ದೇ ಇದೆ.

ಓದುತ್ತಾ ಓದುತ್ತಾ ‘ಇದು ನನ್ನದೇ ಅಲ್ವಾ’ ಅನ್ನಿಸಿತು. ಈಗೇನು ಮಾಡಲಿ?

ಪಕ್ಕಕ್ಕೆ ಬಂದು ಕೇಳುವ ಪ್ರಶ್ನೆ ಇದು. ಏನೂ ಮಾಡಬೇಕಾಗಿಲ್ಲ. ಇವತ್ತೇ ಹೆಸರು ಇಟ್ಟುಕೊಳ್ಳಬೇಕು, ನಾಳೆಯೇ ಯಾರಿಗಾದರೂ ಹೇಳಬೇಕು ಅಂತ ಯಾವ ಗಡುವೂ ಇಲ್ಲ. ಪುಸ್ತಕದಲ್ಲಿ ತನ್ನನ್ನು ಕಂಡವರೆಲ್ಲ ಅದೇ ಆಗಿರಬೇಕು ಅಂತಲೂ ಇಲ್ಲ. ಆ ಸಾಲಿನ ಕೆಳಗೆ ಗೆರೆ ಎಳೆದು ಇಟ್ಟುಕೊಳ್ಳಿ. ಕೆಲವು ತಿಂಗಳು ಬಿಟ್ಟು ಮತ್ತೆ ಓದಿ. ಎದೆ ಭಾರ ಆದರೆ ನಂಬುವ ಒಬ್ಬರ ಜೊತೆ, ಇಲ್ಲವೇ ಆಪ್ತಸಮಾಲೋಚಕರ ಜೊತೆ ಮಾತಾಡಿ.

ಗೆಳೆಯರೊಬ್ಬರು ತಾವು ಬರೆದ ಇಂಥ ಕತೆ ಓದಲು ಕೊಟ್ಟಿದ್ದಾರೆ. ಏನು ಹೇಳಲಿ?

‘ಇದು ನೀನೇನಾ?’ ಅಂತ ಕೇಳಬೇಡಿ. ‘ತುಂಬ ಧೈರ್ಯ ನಿನಗೆ’ ಅಂತಲೂ ಬೇಡ, ಅದು ಕತೆ ಚೆನ್ನಾಗಿಲ್ಲ ಅನ್ನುವುದರ ಇನ್ನೊಂದು ರೂಪ. ಓದಿ. ನಿಮಗೆ ಎಲ್ಲಿ ಉಸಿರು ನಿಂತಿತೋ ಆ ಪುಟ ತೆಗೆದು ತೋರಿಸಿ. ಎಲ್ಲಿ ಎಳೆದ ಹಾಗಾಯಿತೋ ಅದನ್ನೂ ಹೇಳಿ. ಆ ಇನ್ನೊಂದು ಪಾತ್ರ ಹೋಗುವಾಗ ಛತ್ರಿ ಯಾಕೆ ಬಿಟ್ಟು ಹೋಯಿತು ಅಂತ ಕೇಳಿ. ಅದನ್ನು ಕೇಳಿದ ಓದುಗರಿಗೆ ಬೇಕಿದ್ದರೆ ಉಳಿದದ್ದನ್ನು ಅವರೇ ಹೇಳುತ್ತಾರೆ. ಹೇಳದಿದ್ದರೂ ಛತ್ರಿಯ ಬಗ್ಗೆ ಒಂದು ಗಂಟೆ ಮಾತಾಡಬಹುದು.